ಮಾವ, ನಾನು ಮತ್ತು ನಾಯಿಯ ಸೊಂಟ

ನಾಯಿಗೆ ಕಾಲರ್ ಮೂಳೆ ಇಲ್ಲ. ನಮಗೆ ಕತ್ತಿನ ಬುಡದಿಂದ ಎರಡೂ ಭುಜಗಳಿಗೆ ಅಡ್ಡಲಾಗಿ ಹೋಗುವ ಮೂಳೆ ಇದೆಯಲ್ಲ, ಅದು ಆ ಪ್ರಾಣಿಗೆ ಲೆಕ್ಕಕ್ಕೆ ಬರುವಷ್ಟು ಇಲ್ಲವೇ ಇಲ್ಲ. ಅದರ ಮುಂಗಾಲುಗಳು ಎದೆಗೂಡಿಗೆ ಮೂಳೆಯಿಂದ ಸೇರಿಲ್ಲ, ಬರೀ ಮಾಂಸಖಂಡಗಳು ಹಿಡಿದುಕೊಂಡಿವೆ. ಇದು ಗೊತ್ತಾದ ಭಾನುವಾರ ನನಗೆ ಎಷ್ಟು ಆನಂದವಾಯಿತೆಂದರೆ, ಆರ್.ಟಿ. ನಗರದಿಂದ ಮನೆಗೆ ವಾಪಸಾಗುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸಿಗೆ ಹೇಳದೆ ಇರಲಾಗಲಿಲ್ಲ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು, ಹೆಬ್ಬಾಳ ಬರುವ ಮೊದಲೇ ಎದ್ದು ಬಾಗಿಲ ಹತ್ತಿರ ನಿಂತುಕೊಂಡಳು.

ಅವಳದೇನೂ ತಪ್ಪಿಲ್ಲ. ಆದರೆ ನನ್ನದೂ ತಪ್ಪಿಲ್ಲ. ನಾನು ಬ್ಲೌಸ್ ಹೊಲಿಯುವವಳು. ಜಕ್ಕೂರಿನ ಹಳೇ ಊರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಹೆಂಗಸರ ಭುಜ, ತೋಳು, ಸೊಂಟ ಅಳೆದೂ ಅಳೆದೂ ಎದುರಿಗೆ ಬಂದವರನ್ನೆಲ್ಲ ಕಣ್ಣಲ್ಲೇ ಅಳೆಯುವ ಚಟ ಹತ್ತಿತ್ತು. ಅಂಥವಳಿಗೆ ಕಾಲರ್ ಮೂಳೆಯೇ ಇಲ್ಲದ ಮೈಯೊಂದು ಲೋಕದಲ್ಲಿದೆ ಎಂದು ತಿಳಿದರೆ ಸುಮ್ಮನಿರಲು ಹೇಗಾಗುತ್ತದೆ? ಇದಕ್ಕೆ ಕತ್ತು ಎಷ್ಟು ಇಳಿಸಬೇಕು, ತೋಳು ಎಲ್ಲಿ ಕೂರಿಸಬೇಕು ಎಂದು ಮನೆ ಸೇರುವವರೆಗೂ ಯೋಚಿಸಿದೆ.

ನಾನು ನಾಯಿಗಳಿಗೆ ಅಕ್ಯುಪ್ರೆಶರ್ ಮಾಡುವುದನ್ನು ಕಲಿಯಲು ಹೋಗಿದ್ದು ಪ್ರಾಣಿದಯೆಯಿಂದ ಎಂದು ನಮ್ಮ ಬೀದಿಯವರು ಈಗಲೂ ನಂಬಿದ್ದಾರೆ. ನಂಬಿಕೊಳ್ಳಲಿ. ನಾನು ಹೋಗಿದ್ದು ನಮ್ಮ ಮಾವನ ಮಂಡಿಗೋಸ್ಕರ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏರ್‌ಪೋರ್ಟ್ ರಸ್ತೆಯ ಮೇಲ್ಸೇತುವೆಗೆ ಕಂಬ ನಿಲ್ಲಿಸುತ್ತಿದ್ದ ಕಾಲ ಅದು. ಊರಿನ ಸುತ್ತ ಅಪಾರ್ಟ್‌ಮೆಂಟುಗಳು ಎದ್ದು, ಕಿಟಕಿಗೊಂದು ಏಸಿ ಬಂದಿತ್ತು. ನಮ್ಮ ಮನೆಯೊಳಗಿನ ಕಟ್ಟುಪಾಡು ಮಾತ್ರ ಕದಲಿರಲಿಲ್ಲ. ಸೊಸೆಯಾದವಳು ಮಾವನ ಎದುರು ಕೂರಬಾರದು. ಅವರು ಹಜಾರಕ್ಕೆ ಬಂದರೆ ಇವಳು ಒಳಗೆ ಹೋಗಬೇಕು. ಮುಖ ನೋಡಿ ಮಾತಾಡುವುದಂತೂ ಇಲ್ಲವೇ ಇಲ್ಲ, ಮುಟ್ಟುವುದು ಕನಸಿನ ಮಾತು. ಇದು ಸಿಟ್ಟಲ್ಲ, ಮರ್ಯಾದೆ. ನಮ್ಮ ಮಾವ ಒಳ್ಳೆಯವರೇ. ಅಡುಗೆಮನೆ ಕಡೆ ಬರುವಾಗ ನನಗೆ ಸರಿದುಕೊಳ್ಳಲು ಸಮಯ ಸಿಗಲಿ ಎಂದು ನಡುಮನೆಯಿಂದಲೇ ಕೆಮ್ಮಿಕೊಂಡು ಬರುವಷ್ಟು ಒಳ್ಳೆಯವರು.

ಅತ್ತೆ ಇರುವವರೆಗೆ ಅತ್ತಲಿಂದಿತ್ತ ಮಾತು ಸಾಗಿಸುವ ಕೆಲಸ ಅವರದಾಗಿತ್ತು. ಅವರು ತೀರಿಕೊಂಡ ಮೇಲೆ ಕೆಲವು ದಿನ ಮನೆಗೆ ಗರ ಬಡಿದಂತಾಯಿತು. ನನ್ನ ಗಂಡ ಬೆಳಿಗ್ಗೆ ಯಶವಂತಪುರದ ಎಪಿಎಂಸಿ ಯಾರ್ಡಿಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಅಲ್ಲಿಯವರೆಗೆ ಮನೆಯಲ್ಲಿ ನಾವಿಬ್ಬರೇ, ಬಾಯಿಗೆ ಬೀಗ ಹಾಕಿಕೊಂಡು. ಹಾಗಿರುವಾಗ ಕೆರೆಯ ಕಡೆಯಿಂದ ಮಾವನ ಹಿಂದೆ ಒಂದು ಕಂದು ಬಣ್ಣದ ನಾಟಿ ನಾಯಿಮರಿ ಬಂತು. ಬಂದ ಮೂರನೇ ದಿನವೋ ನಾಲ್ಕನೇ ದಿನವೋ ಜಗುಲಿಯಿಂದ ಮಾವನ ದನಿ ಕೇಳಿಸಿತು.

“ಮಗಾ, ನಿಮ್ಮಮ್ಮುಂಗೆ ಯೋಳು, ಸಾರಿಗೆ ಉಪ್ಪು ಕಮ್ಮಿ ಆಗೈತೆ ಅಂತ.”

ನಾನು ಬಾಗಿಲ ಸಂದಿಯಿಂದ ಇಣುಕಿದೆ. ಮಾವ ನಾಯಿಮರಿಯ ಮುಖ ನೋಡುತ್ತಿದ್ದರು. ಆಮೇಲೆ ನಾನೂ ನಾಯಿಗೇ ಹೇಳಿದೆ, “ನಿಮ್ಮ ತಾತಂಗೆ ಹೇಳು ಮಗಾ, ಬಿ.ಪಿ. ಇದೆ, ಡಾಕ್ಟರ್ ಉಪ್ಪು ಕಮ್ಮಿ ಮಾಡಿ ಅಂದಿದ್ದಾರೆ ಅಂತ.” ಮಾವ ನಾಯಿಯನ್ನೇ ಗದರಿದರು. ಅಂದಿನಿಂದ ನಮ್ಮ ಮನೆಯಲ್ಲಿ ಮತ್ತೆ ಮಾತು ಶುರುವಾಯಿತು. ಕಾಫಿ, ಕರೆಂಟ್ ಬಿಲ್ಲು, ನೆಂಟರ ಮದುವೆಗೆ ಎಷ್ಟು ಮುಯ್ಯಿ ಓದಿಸಬೇಕು ಎನ್ನುವುದೆಲ್ಲ ಆ ನಾಯಿಯ ಮೂಲಕವೇ ತೀರ್ಮಾನವಾಗುತ್ತಿತ್ತು. ಅದಕ್ಕೊಂದು ಹೆಸರೂ ಇತ್ತು. ಆ ಹೆಸರು ನಮ್ಮ ಬೀದಿಯ ಹಿರಿಯರೊಬ್ಬರಿಗೂ ಇರುವುದರಿಂದ ಇಲ್ಲಿ ಬರೆಯುವುದಿಲ್ಲ.

ಮಾವನಿಗೆ ಎರಡೂ ಮಂಡಿ ಸವೆದಿತ್ತು. ನಡೆಯುತ್ತಿದ್ದರೆ ಸರಿ, ಕೂತುಬಿಟ್ಟರೆ ಹಾಗೇ ಹಿಡಿದುಕೊಂಡುಬಿಡುತ್ತದೆ, ಆಮೇಲೆ ಹಾಸಿಗೆಯೇ ಗತಿ ಎಂದು ಡಾಕ್ಟರು ನನ್ನ ಗಂಡನಿಗೆ ಖಡಾಖಂಡಿತವಾಗಿ ಹೇಳಿದ್ದರು. ತಮಗೋಸ್ಕರ ಒಂದು ಹೆಜ್ಜೆ ಇಡುವ ಪೈಕಿಯಲ್ಲ ನಮ್ಮ ಮಾವ. ಆದರೆ ನಾಯಿ ಬಾಗಿಲಲ್ಲಿ ನಿಂತು ಬಾಲ ಆಡಿಸಿದರೆ ಹೊರಡುತ್ತಿದ್ದರು. ಬೆಳಿಗ್ಗೆ ಕೆರೆ ಏರಿ, ಸಂಜೆ ವಿಮಾನದ ಮೈದಾನದ ಕಾಂಪೌಂಡು. ಅಲ್ಲಿ ಪುಟ್ಟ ವಿಮಾನಗಳು ಹಾರುವುದನ್ನು ನೋಡಿ ಇಬ್ಬರೂ ಬೈದುಕೊಂಡು ಬರುತ್ತಿದ್ದರು. ಹಾಗಾಗಿ ಆ ನಾಯಿಗೆ ವಯಸ್ಸಾಗಿ ಹಿಂಗಾಲು ಎಳೆಯಲು ಶುರು ಮಾಡಿದಾಗ ನನಗೆ ಜೀವ ಹಾರಿಹೋಯಿತು. ನಾಯಿ ಕೂತರೆ ಮಾವ ಕೂರುತ್ತಾರೆ. ಮಾವ ಕೂತರೆ ಮತ್ತೆ ಏಳುವುದಿಲ್ಲ.

ನಾಯಿಯ ಡಾಕ್ಟರು ಸೊಂಟದ ಕೀಲು ಸವೆದಿದೆ ಎಂದರು. ಮಾತ್ರೆ ಕೊಟ್ಟರು. ರಾಗಿಮುದ್ದೆಯ ಮೇಲೆ ತುಪ್ಪ ಹಾಕುವುದನ್ನು ಇವತ್ತಿಗೇ ನಿಲ್ಲಿಸಿ ಎಂದರು. ಮೈಮೇಲೆ ಗೊತ್ತಾದ ಜಾಗಗಳಲ್ಲಿ ಬೆರಳಿನಿಂದ ಮೆಲ್ಲಗೆ ಒತ್ತುವ ಅಕ್ಯುಪ್ರೆಶರ್ ಎನ್ನುವುದೊಂದಿದೆ, ನೋವಿಗೆ ಸ್ವಲ್ಪ ಹಾಯ್ ಅನ್ನಿಸಬಹುದು, ಪವಾಡ ಏನೂ ನಿರೀಕ್ಷೆ ಮಾಡಬೇಡಿ ಎಂದೂ ಸೇರಿಸಿದರು. ಆರ್.ಟಿ. ನಗರದಲ್ಲಿ ಒಬ್ಬ ಮೇಡಂ ಭಾನುವಾರಗಳಂದು ತಮ್ಮ ಮನೆಯ ಮಹಡಿಯಲ್ಲಿ ಅದನ್ನು ಹೇಳಿಕೊಡುತ್ತಿದ್ದರು. ನನ್ನ ಗಂಡನಿಗೆ ಹೇಳಿದಾಗ ಊಟ ಮಾಡುತ್ತಿದ್ದವರಿಗೆ ನೆತ್ತಿಗೆ ಹತ್ತಿತು.

“ನಾಯಿ ಕಾಲು ಒತ್ತೋದಕ್ಕೂ ಟ್ಯೂಷನ್ನಾ? ಗುರು, ನನ್ ಕಾಲು ಒತ್ತು ಅಂದ್ರೆ ಬ್ಲೌಸ್ ಆರ್ಡರ್ ಇದೆ ಅಂತೀಯ!”

“ನೀವು ಎರಡು ಕಾಲಲ್ಲಿ ಚೆನ್ನಾಗೇ ನಡೀತಿದ್ದೀರಲ್ಲ,” ಎಂದೆ.

ಮೇಡಂ ಒತ್ತುವುದನ್ನು ಹೇಳಿಕೊಡುವ ಮೊದಲು ನಾಯಿಯ ಮೈಯನ್ನು ಬಾಯಿಪಾಠ ಮಾಡಿಸಿದರು. ಮೂಳೆ ಗೊತ್ತಿಲ್ಲದವರು ಬೆರಳಿಡಬಾರದು ಎನ್ನುವುದು ಅವರ ಕಟ್ಟಪ್ಪಣೆ. ಎದೆಗೂಡಿನ ಕೊನೆಯ ಪಕ್ಕೆಲುಬನ್ನು ಬೆರಳಲ್ಲಿ ಹುಡುಕಬೇಕು, ಅಲ್ಲಿಂದ ಬೆನ್ನೆಲುಬಿಗೆ ಹತ್ತಬೇಕು, ಹಿಂದಕ್ಕೆ ಸರಿದು ಸೊಂಟದ ಎರಡು ಮೂಳೆಗಳ ತುದಿ ಹಿಡಿಯಬೇಕು. ನಾಯಿ ತನ್ನ ಮೈಭಾರವನ್ನು ಹೆಚ್ಚಾಗಿ ಮುಂಗಾಲುಗಳ ಮೇಲೇ ಹೊರುತ್ತದೆ. ಹಿಂಗಾಲು ನೋಯುವಾಗ ಇನ್ನಷ್ಟು ಮುಂದಕ್ಕೆ ವಾಲುತ್ತದೆ, ಹಾಗಾಗಿ ಸೊಂಟ ಕೆಟ್ಟ ನಾಯಿಗೆ ಭುಜವೂ ನೋಯುತ್ತಿರುತ್ತದೆ. ಒತ್ತುವಾಗ ಅದು ತುಟಿ ನೆಕ್ಕಿಕೊಂಡರೆ, ಆಕಳಿಸಿದರೆ, ದೊಡ್ಡ ಉಸಿರು ಬಿಟ್ಟರೆ ಮೈ ಸಡಿಲವಾಗುತ್ತಿದೆ ಎಂದು ಅರ್ಥ. ತಿರುಗಿ ನಿಮ್ಮ ಕೈಯನ್ನೇ ನೋಡಿದರೆ ಕೈ ತೆಗೆಯಬೇಕು. ತೆಗೆಯದಿದ್ದರೆ ಏನಾಗುತ್ತದೆ ಎಂದು ಮೇಡಂ ತಮ್ಮ ಮುಂಗೈಯ ಗಾಯದ ಕಲೆ ತೋರಿಸಿದರು.

ನನಗೆ ಈ ವಿದ್ಯೆ ತಲೆಗೆ ಏರಿಬಿಟ್ಟಿತು. ನಾಯಿಯ ತೊಡೆಯ ಒಳಭಾಗದಲ್ಲಿ ನಾಡಿ ಸಿಗುತ್ತದೆ ಎಂದು ಕಲಿತ ಸಂಜೆಯೇ ನಮ್ಮ ನಾಯಿಯ ನಾಡಿ ಹಿಡಿದೆ. ಅದು ಜೋರಾಗಿ ಬಡಿಯಿತು, ಆಮೇಲೆ ನಿಧಾನವಾಯಿತು, ಮತ್ತೆ ಜೋರಾಯಿತು. ಹೃದಯವೇ ಕೈಕೊಟ್ಟಿದೆ ಎಂದು ನಾನು ಗಾಬರಿಬಿದ್ದು ಡಾಕ್ಟರಿಗೆ ಫೋನು ಮಾಡಿದೆ. ಅವರು ನಕ್ಕುಬಿಟ್ಟರು. ಉಸಿರು ಒಳಗೆ ಎಳೆದುಕೊಂಡಾಗ ನಾಡಿ ಜೋರಾಗುವುದು, ಬಿಟ್ಟಾಗ ನಿಧಾನವಾಗುವುದು ಆರೋಗ್ಯವಾಗಿರುವ ನಾಯಿಯ ಲಕ್ಷಣವಂತೆ. ಅಷ್ಟರಲ್ಲಿ ನಾನು ಅಕ್ಕಪಕ್ಕದವರಿಗೆಲ್ಲ ನಾಯಿಗೆ ಹಾರ್ಟ್ ಪ್ರಾಬ್ಲಂ ಎಂದು ಸುದ್ದಿ ಹಬ್ಬಿಸಿಯಾಗಿತ್ತು, ಒಬ್ಬರು ಎಳನೀರು ಹಿಡಿದುಕೊಂಡು ನೋಡಲೂ ಬಂದರು.

ಒತ್ತಬೇಕಾದ ಬಿಂದುಗಳಿಗೆಲ್ಲ ಚೀನಾದ ಹೆಸರುಗಳು. ಅವು ನನ್ನ ನಾಲಿಗೆಗೆ ಹೊರಳುತ್ತಿರಲಿಲ್ಲ. ಅದಕ್ಕೇ ನನ್ನದೇ ಒಂದು ದಾರಿ ಮಾಡಿಕೊಂಡೆ. ನಾಯಿಯ ಬೆನ್ನೆಲುಬು ಏರ್‌ಪೋರ್ಟ್ ರೋಡು. ನೆತ್ತಿ ಮೇಕ್ರಿ ಸರ್ಕಲ್ಲು. ಭುಜ ಹೆಬ್ಬಾಳ. ಕೊನೆಯ ಪಕ್ಕೆಲುಬು ಬರುವ ಕಡೆ ಜಕ್ಕೂರು ಕ್ರಾಸು. ಸೊಂಟದ ಮೂಳೆಗಳ ನಡುವಿನ ಜಾಗ ಹುಣಸಮಾರನಹಳ್ಳಿ. ಬಾಲದ ಬುಡ ದೇವನಹಳ್ಳಿ. ಮೂಳೆಯ ಮೇಲೆ ಒತ್ತಬಾರದು, ಅಂದರೆ ಮೇನ್ ರೋಡಿಗೆ ಕೈ ಹಾಕಬಾರದು, ಎರಡೂ ಪಕ್ಕದ ಸರ್ವಿಸ್ ರೋಡಿನಲ್ಲೇ ಹೋಗಬೇಕು. ಹುಣಸಮಾರನಹಳ್ಳಿಯಲ್ಲಿ ಮಾತ್ರ ರೋಡಿನ ನಟ್ಟನಡುವೆ ಒಂದು ಗುಳಿ ಇದೆ, ಸೊಂಟದ ನೋವಿಗೆ ಅದೇ ಮುಖ್ಯ. ಪರೀಕ್ಷೆಯ ದಿನ ಮೇಡಂ ಎದುರು ಬಾಯಿತಪ್ಪಿ ಇದನ್ನೇ ಹೇಳಿದೆ. ಅವರು ಮುಖ ಗಂಟಿಕ್ಕಿಕೊಂಡು ನನ್ನ ಬೆರಳು ಎಲ್ಲಿದೆ ನೋಡಿದರು. ಬೆರಳು ಸರಿಯಾದ ಜಾಗದಲ್ಲಿತ್ತು. ಪಾಸು ಮಾಡಿದರು.

ತೊಂದರೆ ಶುರುವಾಗಿದ್ದು ಮನೆಯಲ್ಲಿ. ನಾನು ಬೆರಳಿಟ್ಟರೆ ನಮ್ಮ ನಾಯಿ ಎದ್ದು, ಕಾಲೆಳೆದುಕೊಂಡು, ಮಾವನ ಕುರ್ಚಿಯ ಕೆಳಗೆ ಸೇರಿಕೊಳ್ಳುತ್ತಿತ್ತು. ಅದು ಮೈ ಮುಟ್ಟಿಸಿಕೊಳ್ಳುತ್ತಿದ್ದುದು ಮಾವನ ಕೈಯಲ್ಲಿ ಮಾತ್ರ. ಅಂದರೆ ಒತ್ತಬೇಕಾದವರು ಮಾವ, ಹೇಳಿಕೊಡಬೇಕಾದವಳು ನಾನು, ನಡುವೆ ನಾಯಿ. ನಾನು ಹಜಾರದ ಬಾಗಿಲ ಪರದೆಯ ಹಿಂದೆ ನಿಂತುಕೊಂಡು ಪಾಠ ಶುರುಮಾಡಿದೆ.

“ಮಗಾ, ನಿಮ್ಮ ತಾತಂಗೆ ಹೇಳು. ನಿನ್ನ ಬೆನ್ನಿನ ಮೂಳೆ ಏರ್‌ಪೋರ್ಟ್ ರೋಡು. ಅದ್ರ ಮೇಲೆ ಒತ್ತಬಾರ್ದು. ಪಕ್ಕದ ಸರ್ವಿಸ್ ರೋಡಲ್ಲಿ ಹೋಗ್ಬೇಕು.”

ಮಾವ ನಾಯಿಯ ಬೆನ್ನು ಸವರಿ ನೋಡಿದರು. “ಮಗಾ, ನಿಮ್ಮಮ್ಮುನ್ನ ಕೇಳು. ನಮ್ಮೊಲದ ಮ್ಯಾಲೆ ರೋಡ್ ಬಂದಿದ್ದು ಸಾಲ್ದು ಅಂತ ನಿನ್ ಬೆನ್ ಮ್ಯಾಲೂ ಬಂತಾ?”

ನಾನು ಸೆರಗು ಬಾಯಿಗೆ ತುರುಕಿಕೊಂಡು ನಗು ತಡೆದೆ.

ಹಿಂಗಾಲಿಗೆ ಬಂದಾಗ ದೊಡ್ಡ ಜಗಳವೇ ಆಯಿತು. ನಾಯಿಯ ಹಿಂಗಾಲಿನಲ್ಲಿ ಹಿಂದಕ್ಕೆ ಬಾಗಿರುವ ಜಾಗವೇ ಮಂಡಿ ಎಂದು ಮಾವನ ವಾದ. ಅದು ಹಿಮ್ಮಡಿ, ನಿಜವಾದ ಮಂಡಿ ಮೇಲೆ ಹೊಟ್ಟೆಯ ಹತ್ತಿರ ಇದೆ ಎಂದು ನಾನು ನಾಯಿಯ ಮೂಲಕ ತಿಳಿಸಿದೆ.

“ಅದು ಇಮ್ಮಡಿ ಆದ್ರೆ ಅಷ್ಟೆತ್ತರಕ್ಕೆ ಯಾಕೆ ಎತ್ತಿಕ್ಕೊಂಡೈತೆ ಅಂತ ಕೇಳು.”

“ನಾಯಿ ಯಾವಾಗ್ಲೂ ತುದಿಗಾಲಲ್ಲೇ ನಡೆಯುತ್ತೆ ಅಂತ ಹೇಳು ಮಗಾ. ನೆಲಕ್ಕೆ ಊರೋದು ಬರೀ ಬೆರಳು.”

ಮಾವ ಒಪ್ಪಲಿಲ್ಲ. ಆದರೆ ನಾನು ಒಳಗೆ ಹೋಗಿ ಮತ್ತೆ ಇಣುಕಿದಾಗ, ಅವರು ಕಂಬ ಹಿಡಿದುಕೊಂಡು ತುದಿಗಾಲಲ್ಲಿ ನಿಂತು, ತಿರುಗಿ ತಮ್ಮ ಹಿಮ್ಮಡಿಯನ್ನು ನೋಡಿಕೊಳ್ಳುತ್ತಿದ್ದರು.

ನನ್ನ ಕಿಡಿಗೇಡಿತನ ಬಾಲ ಬಿಚ್ಚಿದ್ದು ಇಲ್ಲಿಂದ. ಮೇಡಂ ತರಗತಿಯಲ್ಲಿ, ಎಷ್ಟು ಬಲ ಹಾಕಬೇಕು ಎಂದು ತಿಳಿಯಲು ಮೊದಲು ನಿಮ್ಮ ಮುಂಗೈ ಮೇಲೆ ಒತ್ತಿ ನೋಡಿಕೊಳ್ಳಿ ಎಂದಿದ್ದರು. ನಾನು ಆ ಮಾತಿಗೆ ಸ್ವಲ್ಪ ಅಂಚು ಹೊಲಿದು ಉದ್ದ ಮಾಡಿದೆ.

“ಮಗಾ, ತಾತಂಗೆ ಹೇಳು. ನಿಂಗೆ ಎಲ್ಲಿ ಒತ್ತಬೇಕೋ ಅಲ್ಲೇ ಮೊದ್ಲು ತಮಗೆ ಒತ್ಕೋಬೇಕು. ಮಂಡಿಚಿಪ್ಪಿನ ಕೆಳಗೆ, ಹೊರಗಡೆ ಒಂದು ಗುಳಿ ಇರುತ್ತೆ, ಅಲ್ಲಿ. ಆಮೇಲೆ ಮಂಡಿ ಹಿಂದೆ. ಹಂಗ್ ಮಾಡ್ದೆ ಇದ್ರೆ ನಾಯಿಗೆ ಹತ್ತೋದೇ ಇಲ್ಲ.”

“ಇಂಗಂತ ಯಾರು ಯೋಳಿದ್ರು ಅಂತ ಕೇಳು.”

“ಮೇಡಂ ಹೇಳಿದ್ರು ಅಂತ ಹೇಳು.”

ಮೇಡಂ ಹೆಸರಿಗೆ ನಮ್ಮ ಮಾವ ತಲೆಬಾಗಿದರು. ತಮ್ಮ ಮಂಡಿಗೆ ಎಣ್ಣೆ ಸವರಿ ಅಂದರೆ ಕೈಯೆತ್ತಿ ಬೈಯುತ್ತಿದ್ದವರು, ದಿನಾ ಬೆಳಿಗ್ಗೆ ಪಂಚೆ ಸರಿಸಿಕೊಂಡು, ಎರಡೂ ಮಂಡಿಯನ್ನು ಶ್ರದ್ಧೆಯಿಂದ ಒತ್ತಿಕೊಂಡು, ಆಮೇಲೆ ನಾಯಿಯನ್ನು ಮುಂದೆ ಮಲಗಿಸಿಕೊಳ್ಳುತ್ತಿದ್ದರು. ನಾಯಿ ಆಕಳಿಸುತ್ತಿತ್ತು, ಮಾವನೂ ಆಕಳಿಸುತ್ತಿದ್ದರು. ನಾನು ಪರದೆಯ ಹಿಂದೆ ನಿಂತು ಗೆದ್ದೆ ಎಂದುಕೊಳ್ಳುತ್ತಿದ್ದೆ. ಕ್ರಮೇಣ ಇಬ್ಬರೂ ಬೀದಿಯ ಕೊನೆಯವರೆಗೆ ಹೋಗಿ ಬಂದರು. ಆಮೇಲೆ ಕೆರೆ ಏರಿಯವರೆಗೂ ಹೋಗಲು ಶುರುಮಾಡಿದರು. ಇದು ಅಕ್ಯುಪ್ರೆಶರಿನಿಂದಲೋ, ಮಾತ್ರೆಯಿಂದಲೋ, ತುಪ್ಪ ನಿಂತು ನಾಯಿಯ ತೂಕ ಇಳಿದದ್ದರಿಂದಲೋ ನನಗೆ ಗೊತ್ತಿಲ್ಲ. ಗಂಡನ ಎದುರು ಮಾತ್ರ ಎಲ್ಲವನ್ನೂ ನನ್ನ ಖಾತೆಗೇ ಹಾಕಿಕೊಂಡೆ.

ಮಾವನಿಗೆ ಇಷ್ಟಕ್ಕೇ ತೃಪ್ತಿಯಾಗಿದ್ದರೆ ಚೆನ್ನಾಗಿತ್ತು. ಹಿಂದೆ ಹೊಲ ಇದ್ದ ಕಾಲದಲ್ಲಿ ಎತ್ತಿಗೆ ಕಾಲು ಹಿಡಿದರೆ ಅವರು ಏನು ಮಾಡುತ್ತಿದ್ದರೋ ಅದು ಅವರ ತಲೆಯಲ್ಲಿ ಕೊರೆಯುತ್ತಿತ್ತೇನೋ. ನಾನು ಗಿರಾಕಿಯೊಬ್ಬರ ಮನೆಗೆ ಅಳತೆ ತೆಗೆದುಕೊಳ್ಳಲು ಹೋಗಿದ್ದ ಒಂದು ಮಧ್ಯಾಹ್ನ, ಹರಳೆಣ್ಣೆ ಬಿಸಿ ಮಾಡಿ, ನಾಯಿಯ ಸೊಂಟದಿಂದ ಕಾಲಿನವರೆಗೆ ಧಾರಾಳವಾಗಿ ಬಳಿದು, ಬೇಲಿಯ ಎಕ್ಕದ ಎಲೆ ಬಾಡಿಸಿ ಮೇಲೆ ಹಾಕಿ, ಹಳೇ ಪಂಚೆಯ ಚೂರಿನಿಂದ ಬಿಗಿಯಾಗಿ ಕಟ್ಟಿದರು. ನಮ್ಮ ಕಡೆ ಕೀಲುನೋವಿಗೆ ಮನುಷ್ಯರಿಗೂ ದನಕ್ಕೂ ಇದನ್ನೇ ಮಾಡುತ್ತಿದ್ದರು. ಆದರೆ ನಾಯಿಯ ಬೆನ್ನೆಲುಬು ಎತ್ತಿನ ಬೆನ್ನೆಲುಬಿನಂತಲ್ಲ. ಅದು ಸುತ್ತಿಕೊಂಡು ತನ್ನ ಬಾಲದ ಬುಡವನ್ನೇ ನೆಕ್ಕಬಲ್ಲದು. ಮಾವ ಒಂದು ನಿದ್ದೆ ತೆಗೆದು ಏಳುವಷ್ಟರಲ್ಲಿ ಕಟ್ಟು ಬಿಚ್ಚಿತ್ತು, ಎಲೆ ಚಿಂದಿಯಾಗಿತ್ತು, ಎಣ್ಣೆಯೆಲ್ಲ ನಾಯಿಯ ಹೊಟ್ಟೆಯೊಳಗಿತ್ತು.

ನಾನು ಬಂದಾಗ ಹೊಸದಾಗಿ ಟೈಲ್ಸ್ ಹಾಕಿಸಿದ್ದ ಜಗುಲಿಯ ಅವಸ್ಥೆ ಏನಾಗಿತ್ತು ಎಂದು ಬರೆಯುವುದು ಬೇಡ. ಓದುವವರು ಊಟಕ್ಕೆ ಕೂತಿರಬಹುದು. ಸಂಜೆಯ ಹೊತ್ತಿಗೆ ನಾಯಿ ವಾಂತಿಯನ್ನೂ ಶುರುಮಾಡಿತು, ಒಸಡು ಬಿಳಿಚಿತು, ಹಿಂಗಾಲು ಎರಡೂ ಸತ್ತಂತೆ ಚಾಚಿಕೊಂಡವು. ಆಟೋದಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಓಡಿದೆವು. ಎಕ್ಕದ ಹಾಲು ನಾಯಿಗೆ ವಿಷ, ಮೈಯಲ್ಲಿ ನೀರೇ ಉಳಿದಿಲ್ಲ, ಡ್ರಿಪ್ ಹಾಕಬೇಕು, ಇಲ್ಲೇ ಬಿಟ್ಟು ಹೋಗಿ ಎಂದರು. ಹೊರಗೆ ಬಂದು ನನ್ನ ಗಂಡನಿಗೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಉಳಿದುಕೊಳ್ಳಬಹುದು, ಆದರೆ ಮೊದಲೇ ಸೊಂಟ ಕೆಟ್ಟಿರುವ ನಾಯಿ. ತಾನಾಗಿ ಎದ್ದು ನಿಲ್ಲದೆ ಹೋದರೆ ಅದಕ್ಕೆ ನೋವು ಕೊಡುತ್ತ ಇಟ್ಟುಕೊಳ್ಳುವುದಕ್ಕಿಂತ ಇಂಜೆಕ್ಷನ್ ಕೊಟ್ಟು ಕಳಿಸಿಕೊಡುವುದೇ ವಾಸಿ. ಆ ಮಾತು ಮಾವನ ಕಿವಿಗೂ ಬಿತ್ತು.

ಅದಾದ ಮೇಲೆ ನಮ್ಮ ಮನೆಯಲ್ಲಿ ಕಳೆದ ದಿನಗಳು ಬಹಳ ಕೆಟ್ಟವು. ಮಾವ ಜಗುಲಿಯ ಕುರ್ಚಿಯಲ್ಲಿ ಕೂತವರು ಕೂತೇ ಇದ್ದರು. ಮಂಡಿ ಒತ್ತಿಕೊಳ್ಳಲಿಲ್ಲ, ಬೀದಿಗೆ ಇಳಿಯಲಿಲ್ಲ. ನನ್ನ ಗಂಡ ಏನು ಕೇಳಿದರೂ ಹೂಂ, ಉಹೂಂ ಅಷ್ಟೇ. ಹಗಲು ನಾವಿಬ್ಬರೇ ಇರುವಾಗ ಅದೂ ಇಲ್ಲ. ಒಂದು ದಿನ ನಾನು ಅಡುಗೆಮನೆಯಲ್ಲಿದ್ದಾಗ ನಡುಮನೆಯಿಂದ ಕೆಮ್ಮಿದರು. ನಾನು ಸರಿದು ನಿಂತೆ. ಅವರು ಬಾಗಿಲಿಗೆ ಬಂದು, ಒಲೆಯ ಮೇಲಿದ್ದ ಕುಕ್ಕರನ್ನು ನೋಡುತ್ತ, “ಆಸ್ಪತ್ರೆಯಿಂದ ಪೋನ್ ಬಂತಾ?” ಎಂದರು. ಕುಕ್ಕರು ಉಸ್ಸೆಂದಿತು. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ. ನಾನೂ ಕುಕ್ಕರಿಗೇ “ಇನ್ನೂ ಎದ್ದಿಲ್ಲವಂತೆ” ಎಂದೆ. ಅವರು ಹೊರಗೆ ಹೋಗುವಾಗ ಗೋಡೆ ಹಿಡಿದುಕೊಂಡು ಹೋದರು. ಅವರಿಗೆ ಸಮಾಧಾನ ಹೇಳಬೇಕು ಎಂದು ಜೀವ ಬಡಿದುಕೊಳ್ಳುತ್ತಿತ್ತು. ನೀವು ಬೇಕಂತ ಮಾಡಿದ್ದಲ್ಲ, ಪ್ರೀತಿಗೆ ಮಾಡಿದ್ದು ಎನ್ನುವಷ್ಟು ಮಾತನ್ನು ಕುಕ್ಕರಿಗೆ ಹೇಗೆ ಹೇಳುವುದು? ಸಾರಿಗೆ ಬೇಕೆಂದೇ ಉಪ್ಪು ಹಾಕದೆ ಬಡಿಸಿದೆ, ಬೈಯಲಾದರೂ ಬಾಯಿ ಬಿಡಲಿ ಎಂದು. ತಟ್ಟೆ ಖಾಲಿ ಮಾಡಿ ಎದ್ದು ಹೋದರು.

ಮಾರನೆಯ ದಿನ ನಾನು ಗಂಡನಿಗೆ ಹೇಳಿ ಆಟೋ ತರಿಸಿದೆ. “ನಿಮ್ಮಪ್ಪನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ ಅಂತ ನೀವೇ ಅವ್ರಿಗೆ ಹೇಳಿ. ನಾಯಿ ಅವ್ರ ಕೈಗೆ ಮಾತ್ರ ಬಗ್ಗೋದು,” ಎಂದೆ. ಅವರು ಹೇಳಿ ಯಾರ್ಡಿಗೆ ಹೊರಟುಹೋದರು. ಆಟೋದಲ್ಲಿ ಮಾವ ಆ ತುದಿ, ನಾನು ಈ ತುದಿ, ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ. ಡ್ರೈವರು ಕನ್ನಡಿಯಲ್ಲಿ ನೋಡಿ, ಏನೋ ಮನಸ್ತಾಪ ಇರಬೇಕು ಎಂದುಕೊಂಡು ರೇಡಿಯೋ ಸಣ್ಣದು ಮಾಡಿದ.

ಡಾಕ್ಟರ ಆಸ್ಪತ್ರೆಯ ಶೆಡ್ಡಿನ ನೆಲದ ಮೇಲೆ ಗೋಣಿತಾಟು ಹಾಸಿ ನಾಯಿಯನ್ನು ಮಲಗಿಸಿದ್ದರು. ಡ್ರಿಪ್ ತೆಗೆದಾಗಿತ್ತು, ಗಂಜಿ ನೆಕ್ಕುತ್ತಿದೆ ಎಂದರು. ಏಳುತ್ತಿಲ್ಲ ಅಷ್ಟೇ. ನಾನು ಡಾಕ್ಟರನ್ನು ಕೇಳಿಕೊಂಡೇ ಮಾವನ ಕೈಯಲ್ಲಿ ಒತ್ತಿಸಲು ಬಂದಿದ್ದೆ. ಮಾವ ಕುರ್ಚಿ ಬೇಡವೆಂದು, ಗೋಡೆ ಹಿಡಿದು, ಎಷ್ಟೋ ಹೊತ್ತು ತೆಗೆದುಕೊಂಡು ನೆಲದ ಮೇಲೆ ಅದರ ಪಕ್ಕ ಕೂತರು. ನಾಯಿ ಅವರ ಕೈಯನ್ನು ಒಂದು ಸಲ ಮೂಸಿ ಕಣ್ಣು ಮುಚ್ಚಿಕೊಂಡಿತು. ನಾನು ಬಾಗಿಲ ಬಳಿಯೇ ನಿಂತಿದ್ದೆ. ಅಲ್ಲಿ ಪರದೆ ಇರಲಿಲ್ಲ.

“ಮಗಾ,” ಎಂದರು ಮಾವ. “ನಿಮ್ಮಮ್ಮುನ್ನ ಕೇಳು. ಎಲ್ಲಿ ಒತ್ತಬೇಕು ಅಂತ.”

ನಾಯಿ ಮಿಸುಕಲಿಲ್ಲ. ಅವರು ಇನ್ನೊಂದು ಸಲ ಕೇಳಿದರು. ಅವರ ಹೆಬ್ಬೆರಳು ಬೆನ್ನ ಮೇಲೆ ಅತ್ತಿಂದಿತ್ತ ತಡಕಾಡುತ್ತಿತ್ತು. ದಿನಾ ಹಿಡಿಯುತ್ತಿದ್ದ ಜಾಗವೇ ಅವರಿಗೆ ಸಿಗುತ್ತಿರಲಿಲ್ಲ. ಆಗ ಅವರು ತಲೆ ಎತ್ತಿ ನೇರವಾಗಿ ನನ್ನ ಮುಖ ನೋಡಿದರು.

“ಅದ್ರ ಕಿವೀಗೆ ಬೀಳ್ತಿಲ್ಲ ಕಣಮ್ಮ. ನೀನೇ ಯೋಳು.”

ಹೋಗಿ ಅವರ ಎದುರಿಗೇ ಕೂತೆ. ಅವರ ಹೆಬ್ಬೆರಳು ಹಿಡಿದು ಸೊಂಟದ ಎರಡು ಮೂಳೆಗಳ ನಡುವಿನ ಗುಳಿಗೆ ತಂದು ಇಟ್ಟೆ. ಅಲ್ಲಿಂದ ಹಿಂಗಾಲಿನ ಮಂಡಿಗೆ, ಅಲ್ಲಿಂದ ಹಿಮ್ಮಡಿಯ ನರದ ಪಕ್ಕದ ತೆಳ್ಳನೆಯ ಚರ್ಮಕ್ಕೆ, ಮತ್ತೆ ಮೇಲಕ್ಕೆ. ಎಷ್ಟು ಹೊತ್ತು ಹಾಗೇ ಕೂತಿದ್ದೆವೋ ಗೊತ್ತಿಲ್ಲ. ನಾಯಿ ತುಟಿ ನೆಕ್ಕಿಕೊಂಡಿತು. ಆಮೇಲೆ ಒಂದು ದೊಡ್ಡ ಉಸಿರು ಬಿಟ್ಟಿತು. ಡಾಕ್ಟರು ಬಂದು ಅದರ ಹೊಟ್ಟೆಯ ಕೆಳಗೆ ಟವೆಲು ಹಾಕಿ ಮೆಲ್ಲಗೆ ಎತ್ತಿ ಹಿಡಿದರು. ಅದು ಮುಂಗಾಲು ಊರಿ, ಹಿಂಗಾಲು ಎಳೆದುಕೊಂಡು, ಜಾರಿ, ಮತ್ತೆ ಊರಿತು. ಟವೆಲು ಸಡಿಲ ಬಿಟ್ಟಾಗ ಬೀಳಲಿಲ್ಲ. ಕುಡುಕರು ನಿಲ್ಲುವಂತೆ ತೂರಾಡುತ್ತ ನಿಂತುಕೊಂಡಿತು. ಇಂಜೆಕ್ಷನ್ ಮಾತು ಇನ್ನು ಬೇಡ, ವಾರದಲ್ಲಿ ನಡೆಯುತ್ತೆ ಎಂದು ಡಾಕ್ಟರು ನಕ್ಕರು.

ನಾಯಿ ಎದ್ದಿತು, ಮಾವ ಏಳಲಿಲ್ಲ. ಒಂದು ಸಲ ನೆಲಕ್ಕೆ ಕೈಯೂರಿ ನೋಡಿದರು, ಆಗಲಿಲ್ಲ. ಇನ್ನೊಂದು ಸಲ ನೋಡಿದರು. ಡಾಕ್ಟರು ಕೈ ಕೊಡಲು ಬಂದರೆ ಬೇಡವೆಂದು ತಲೆಯಾಡಿಸಿದರು. ಆಮೇಲೆ ಪಂಚೆಯನ್ನು ಮಂಡಿಯವರೆಗೆ ಸರಿಸಿ, ಒಂದು ಕಾಲನ್ನು ನನ್ನ ಕಡೆಗೆ ಚಾಚಿದರು.

“ಇಡ್ಕೊಂಬುಟ್ಟೈತೆ. ನಂಗೂ ಒಸಿ ಒತ್ತು.”

ಶೆಡ್ಡಿನಲ್ಲಿ ಬೆಕ್ಕು ತಂದವರು, ಗಿಳಿ ತಂದವರು ಎಲ್ಲ ನೋಡುತ್ತಿದ್ದರು. ನಾನು ಆ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡೆ. ನಾನು ಅಂದುಕೊಂಡದ್ದಕ್ಕಿಂತ ಬಹಳ ಸಣಕಲು ಕಾಲು. ಚಿಪ್ಪಿನ ಕೆಳಗೆ ಬೆರಳು ಜಾರಿಸಿ ಗುಳಿ ಹಿಡಿದು ಒತ್ತಿದೆ. ಮಾವ ಹಲ್ಲು ಕಚ್ಚಿ, “ಮೆಲ್ಲಗಮ್ಮ, ಬಟ್ಟೆ ಅಲ್ಲ ಅದು,” ಎಂದರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಮುಚ್ಚಿಕೊಂಡೇ ಮತ್ತೆ ಮಾತಾಡಿದರು.

“ಇದು ಮನೆಗೆ ಬಂದ ಮ್ಯಾಲೆ ನೀನೂ ಕೆರೆಗೆ ಬರ್ಬೇಕು ನಮ್ ಜತೆ. ನಾನು ಎಲ್ಲಾದ್ರೂ ಕೂತ್ಬುಟ್ರೆ ಈ ನಾಯಿ ಎತ್ತುತ್ತಾ ನನ್ನ?”

“ಬರ್ತೀನಿ ಮಾವ,” ಎಂದೆ.

ಆ ಮನೆಗೆ ಸೊಸೆಯಾಗಿ ಬಂದು ಅಷ್ಟು ವರ್ಷವಾಗಿತ್ತು. ಮಾವ ಎಂದು ಅವರನ್ನು ಕರೆದದ್ದು ಅದೇ ಮೊದಲು.